ಶ್ವೇತ ಶಾರ್ಕಿನ ಬೆನ್ನಿಗೊಂದು ಗುರುತು

1959ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ದಕ್ಷಿಣ ಆಸ್ಟ್ರೇಲಿಯದ ಸೆಡೂನ ಎಂಬ ಊರಿನ ಸಮೀಪದ ಕಡಲಿನಲ್ಲಿ, ಆಲ್ಫ್ರೆಡ್ ಡೀನ್ ಎಂಬಾತನು ಗಾಳದ ಕೋಲಿನಿಂದ ಹಿಡಿದು ದಡಕ್ಕೆ ಸೇರಿಸಿದ ಶ್ವೇತ ಶಾರ್ಕಿನ ತೂಕ 2,664 ಪೌಂಡು, ಎಂದರೆ ಸುಮಾರು 1,208 ಕಿಲೋಗ್ರಾಮು. ಗಾಳಕ್ಕೆ ಸಿಕ್ಕಿದ ಮೀನುಗಳ ಜಾಗತಿಕ ದಾಖಲೆಯಲ್ಲಿ ಆ ಅಂಕಿ ಬಹುಕಾಲ ಅಗ್ರಸ್ಥಾನದಲ್ಲಿ ನಿಂತಿತು. ಆದರೆ ಆ ಕಾಲಕ್ಕೆ ಈ ಮಹಾಪ್ರಾಣಿಯ ವಿಷಯವಾಗಿ ಮನುಷ್ಯನಿಗಿದ್ದ ತಿಳಿವಳಿಕೆಯೆಲ್ಲವೂ ಹೆಚ್ಚುಕಡಿಮೆ ಇದೇ ಜಾತಿಯದು: ತೂಗುಹಾಕಿದ ಕಳೇಬರದ ಉದ್ದವೆಷ್ಟು, ಭಾರವೆಷ್ಟು, ದವಡೆಯಲ್ಲಿ ಹಲ್ಲುಗಳೆಷ್ಟು, ಸೀಳಿದ ಜಠರದಲ್ಲಿ ದೊರೆತುದೇನು. 1758ರಲ್ಲಿ ಲಿನೇಯಸನು ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿ ಎರಡು ಶತಮಾನಗಳು ಸಂದಿದ್ದರೂ, ಬದುಕಿರುವ ಶ್ವೇತ ಶಾರ್ಕು ಒಂದು ಕರಾವಳಿಯಲ್ಲಿ ಕಣ್ಮರೆಯಾದ ಬಳಿಕ ಎಲ್ಲಿಗೆ ಹೋಗುತ್ತದೆ, ಯಾವ ಆಳದಲ್ಲಿ ಸಂಚರಿಸುತ್ತದೆ, ಮರಳಿ ಬರುತ್ತದೆಯೋ ಇಲ್ಲವೋ ಎಂಬ ಸರಳ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ.

ಸೆರೆಯಲ್ಲಿಟ್ಟು ನೋಡೋಣವೆಂದರೆ ಅದಕ್ಕೂ ಈ ಪ್ರಾಣಿ ಒಗ್ಗದು. ಬಾಯಿಯಿಂದ ಒಳಹೊಕ್ಕ ನೀರು ಕಿವಿರುಗಳ ಮೇಲೆ ಹರಿದುಹೋಗುವಂತೆ ಸದಾ ಮುಂದಕ್ಕೆ ಈಜುತ್ತಿದ್ದರೆ ಮಾತ್ರ ಉಸಿರಾಡಬಲ್ಲ ದೇಹವನ್ನು ಗಾಜಿನ ಗೋಡೆಗಳ ನಡುವೆ ಬದುಕಿಸುವುದು ದುಸ್ಸಾಧ್ಯ. ಕ್ಯಾಲಿಫೋರ್ನಿಯದ ಮಾಂಟೆರೆ ಬೇ ಮತ್ಸ್ಯಾಲಯದವರು 2004ರಲ್ಲಿ ಎಳೆಯ ಶಾರ್ಕೊಂದನ್ನು 198 ದಿವಸ ಸಾಕಿದುದು ಅಂದಿನ ಮಟ್ಟಿಗೆ ಅಪೂರ್ವ ಸಾಧನೆಯೆನಿಸಿತು. ಅದು ತನ್ನೊಡನಿದ್ದ ಬೇರೆ ಶಾರ್ಕುಗಳನ್ನು ಕಚ್ಚಲು ತೊಡಗಿದ ಮೇಲೆ ಅದನ್ನೂ ಕಡಲಿಗೆ ಬಿಡಬೇಕಾಯಿತು. ಹೀಗೆ ಪ್ರಾಣಿಯನ್ನು ನಮ್ಮ ಬಳಿಗೆ ತಂದಿಟ್ಟುಕೊಳ್ಳುವ ದಾರಿ ಮುಚ್ಚಿದ್ದರಿಂದ, ನಮ್ಮದೊಂದು ಯಂತ್ರವನ್ನು ಪ್ರಾಣಿಯ ಬಳಿಗೆ ಕಳುಹಿಸುವ ದಾರಿಯೊಂದೇ ಉಳಿಯಿತು.

ಈ ದಾರಿಯಲ್ಲಿ ಮೊದಲು ನಡೆದವರ ಪೈಕಿ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ಫ್ರಾಂಕ್ ಕೇರಿ ಪ್ರಮುಖನು. 1979ರಲ್ಲಿ, ನ್ಯೂಯಾರ್ಕಿಗೆ ಸೇರಿದ ಲಾಂಗ್ ಐಲೆಂಡಿನ ತುದಿಯ ಮಾಂಟಾಕ್ ಬಳಿ, ಸತ್ತು ತೇಲುತ್ತಿದ್ದ ತಿಮಿಂಗಿಲವೊಂದರ ದೇಹವನ್ನು ಶ್ವೇತ ಶಾರ್ಕುಗಳು ಕಿತ್ತು ತಿನ್ನುತ್ತಿದ್ದ ಸಮಯ ನೋಡಿ, ಅವುಗಳಲ್ಲೊಂದರ ಬೆನ್ನಿಗೆ ಈಟಿಯ ಮೂಲಕ ಧ್ವನಿಪ್ರೇಷಕವೊಂದನ್ನು ನೆಟ್ಟರು. ನೀರಿನೊಳಗೆ ಆ ಪ್ರೇಷಕ ಹೊರಡಿಸುತ್ತಿದ್ದ ಸದ್ದನ್ನು ಕೇಳುತ್ತ ಹಡಗು ಹಿಂಬಾಲಿಸಿತು. ಹಗಲು ರಾತ್ರಿಯೆನ್ನದೆ 83 ಗಂಟೆಗಳ ಕಾಲ, 190 ಕಿಲೋಮೀಟರುಗಳಷ್ಟು ದೂರ. ಈ ಅಲ್ಪಾವಧಿಯ ಸಹವಾಸದಿಂದ ತಿಳಿದುಬಂದ ವಿಶೇಷವೇನೆಂದರೆ, ಮೀನೆಂದರೆ ಶೀತರಕ್ತದ ಪ್ರಾಣಿಯೆಂಬ ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿ, ಅದರ ಮಾಂಸಖಂಡಗಳು ಸುತ್ತಣ ನೀರಿಗಿಂತ ಹಲವು ಡಿಗ್ರಿ ಬೆಚ್ಚಗಿದ್ದವು. ಕಿವಿರುಗಳಿಂದ ತಣ್ಣಗಾಗಿ ಬರುವ ರಕ್ತವನ್ನು ಸ್ನಾಯುಗಳಿಂದ ಹೊರಡುವ ಬಿಸಿರಕ್ತದ ಪಕ್ಕದಲ್ಲಿಯೇ, ಒತ್ತೊತ್ತಾದ ಸೂಕ್ಷ್ಮನಾಳಗಳ ಜಾಲದಲ್ಲಿ ಎದುರುಬದುರಾಗಿ ಹರಿಸಿ, ಶಾಖವು ಕಡಲಿಗೆ ಪೋಲಾಗದಂತೆ ಒಳಗೇ ಹಿಡಿದಿಟ್ಟುಕೊಳ್ಳುವ ಏರ್ಪಾಡು ಆ ದೇಹದಲ್ಲಿದೆ. ಆ ಅಳತೆಗಳ ಬಲದಿಂದಲೇ ಕೇರಿಯ ತಂಡ, ಮೂವತ್ತು ಕಿಲೋಗ್ರಾಮು ತಿಮಿಂಗಿಲದ ಕೊಬ್ಬನ್ನು ಉಂಡ ಶಾರ್ಕು ತಿಂಗಳೊಂದೂವರೆ ಉಪವಾಸವಿರಬಲ್ಲದೆಂದು ಗುಣಿಸಿತು. ಈ ಮಾತು ಬಹುಕಾಲ ಗ್ರಂಥದಿಂದ ಗ್ರಂಥಕ್ಕೆ ದಾಟುತ್ತ ಬಂದು, 2013ರಲ್ಲಿ ಆಸ್ಟ್ರೇಲಿಯದವರು ಈಜಿನ ವೇಗವನ್ನೇ ಅಳೆಯುವ ಯಂತ್ರಗಳನ್ನು ಕಟ್ಟಿ ನೋಡಿದಾಗ, ಆ ಅವಧಿ ಎರಡು ವಾರಗಳ ಆಸುಪಾಸಿಗೆ ಇಳಿಯಿತು.

ಆದರೆ ಹಡಗು ಎಷ್ಟು ದಿವಸ ಹಿಂಬಾಲಿಸೀತು? ಧ್ವನಿಪ್ರೇಷಕದ ಸದ್ದು ಕೇಳಿಸುವ ದೂರ ಅಲ್ಪ. ಬಿರುಗಾಳಿಯೆದ್ದರೆ, ಇಂಧನ ಮುಗಿದರೆ, ನಾವಿಕರ ಸಹನೆ ಕೆಟ್ಟರೆ ಕಥೆ ಅಲ್ಲಿಗೆ ನಿಲ್ಲುತ್ತದೆ. ಹಾಗಾದರೆ ಆಕಾಶದಲ್ಲಿರುವ ಉಪಗ್ರಹಗಳಿಗೇ ಈ ಕೆಲಸವನ್ನು ವಹಿಸಬಹುದಲ್ಲವೆ ಎಂದರೆ, ಅಲ್ಲಿಯೂ ಒಂದು ತೊಡಕು ಎದುರಾಗುತ್ತದೆ. ರೇಡಿಯೋ ತರಂಗಗಳು ಉಪ್ಪುನೀರಿನಲ್ಲಿ ಕೆಲವೇ ಅಂಗುಲಗಳೊಳಗೆ ಕರಗಿಹೋಗುವುದರಿಂದ, ಮುಳುಗಿರುವ ಮೀನು ಉಪಗ್ರಹಕ್ಕೆ ಏನನ್ನೂ ಹೇಳಲಾರದು. ಈ ತೊಡಕನ್ನು ಬಿಡಿಸಿದ ಸಾಧನವೇ ತಾನಾಗಿ ಕಳಚಿಕೊಂಡು ಮೇಲೇಳುವ ಉಪಗ್ರಹ ಟ್ಯಾಗು. ಮೈಕಿನ ಗಾತ್ರದ್ದೂ ಆಕಾರದ್ದೂ ಆದ ಈ ಯಂತ್ರವು ತೇಲುವ ಶಕ್ತಿಯುಳ್ಳದ್ದು. ಪುಟ್ಟ ಬಾಣದ ಮೊನೆಯಿಂದ ಶಾರ್ಕಿನ ಬೆನ್ನಿಗೆ ಸಿಕ್ಕಿಕೊಂಡು, ಅದರ ಹಿಂದೆ ಎಳೆದಾಡಿಸಿಕೊಂಡು ಹೋಗುತ್ತ, ನೀರಿನ ಒತ್ತಡ, ಉಷ್ಣತೆ, ಬೆಳಕು ಎಂಬ ಮೂರನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ನಿಗದಿಯಾದ ದಿವಸ ಬಂದಾಗ, ಅದನ್ನು ಹಿಡಿದಿರುವ ಲೋಹದ ಕಡ್ಡಿಯ ಮೂಲಕ ಸಣ್ಣ ವಿದ್ಯುತ್ಪ್ರವಾಹವನ್ನು ಹರಿಸಲು, ಕಡ್ಡಿಯು ಉಪ್ಪುನೀರಿನಲ್ಲಿ ಸವೆದು ತುಂಡಾಗಿ, ಟ್ಯಾಗು ಮೇಲಕ್ಕೆ ತೇಲಿ ಬಂದು, ತಾನು ಕಂಡುದನ್ನೆಲ್ಲ ಆರ್ಗೋಸ್ ಎಂಬ ಉಪಗ್ರಹವ್ಯವಸ್ಥೆಗೆ ನಿವೇದಿಸುತ್ತದೆ.

ಇದರಲ್ಲಿ ಸ್ಥಳದ ಸುದ್ದಿಯೇ ಇಲ್ಲವಲ್ಲ ಎಂದು ಓದುಗರಿಗೆ ತೋರಬಹುದು. ಇದೆ, ಬೆಳಕಿನಲ್ಲಿದೆ. ಪಂಚಾಂಗ ಬರೆಯುವ ಜೋಯಿಸರು ಊರಿನ ಅಕ್ಷಾಂಶ ರೇಖಾಂಶಗಳನ್ನು ಕೈಯಲ್ಲಿ ಹಿಡಿದು, ಅಲ್ಲಿಯ ಸೂರ್ಯೋದಯವನ್ನೂ ದಿನಮಾನವನ್ನೂ ಗುಣಿಸಿ ತೆಗೆಯುವರಷ್ಟೆ. ಇಲ್ಲಿ ಅದೇ ಗಣಿತವನ್ನು ಹಿಂದುಮುಂದು ಮಾಡಿ, ಉದಯಾಸ್ತಗಳಿಂದ ಊರನ್ನು ಕಂಡುಹಿಡಿಯುತ್ತಾರೆ. ಕತ್ತಲೆ ಹರಿದ ಹೊತ್ತು, ಕತ್ತಲೆ ಕವಿದ ಹೊತ್ತು, ಇವೆರಡರ ನಡುವಿನ ಮಧ್ಯಾಹ್ನವು ಗ್ರೀನಿಚ್ಚಿನ ಗಡಿಯಾರಕ್ಕೆ ಎಷ್ಟು ನಿಮಿಷ ಹಿಂದೆ ಮುಂದೆ ಎಂಬುದರಿಂದ ರೇಖಾಂಶವೂ, ಹಗಲಿನ ಒಟ್ಟು ಉದ್ದದಿಂದ ಅಕ್ಷಾಂಶವೂ ಹೊರಬೀಳುತ್ತವೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಆದುದರಿಂದ ನಾಲ್ಕು ನಿಮಿಷದ ತಪ್ಪು ಸಮಭಾಜಕ ವೃತ್ತದ ಬಳಿ 111 ಕಿಲೋಮೀಟರಿನ ತಪ್ಪಾಗುತ್ತದೆ. ಅಕ್ಷಾಂಶದ ಗತಿ ಇನ್ನೂ ಕಷ್ಟದ್ದು. ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ ದಿನಗಳಲ್ಲಿ ಲೋಕದ ಎಲ್ಲೆಡೆಯೂ ಹಗಲಿರುಳುಗಳು ಸಮವಾಗಿರುವುದರಿಂದ, ಅವುಗಳ ಆಸುಪಾಸಿನ ಹಲವು ವಾರಗಳ ಕಾಲ ಲೆಕ್ಕ ಕೈಕೊಡುತ್ತದೆ. ಬೆಳಗಿನ ಹೊತ್ತಿನಲ್ಲಿಯೇ ಶಾರ್ಕು ಆಳಕ್ಕೆ ಧುಮುಕಿದರೆ ಅರುಣೋದಯವೇ ತಡವಾದಂತೆ ಯಂತ್ರಕ್ಕೆ ಭಾಸವಾಗುತ್ತದೆ. ಹೀಗಾಗಿ ಟ್ಯಾಗು ಬರೆದ ನೀರಿನ ಉಷ್ಣತೆಯನ್ನು ಉಪಗ್ರಹಗಳು ಅಳೆದ ಸಮುದ್ರಮೇಲ್ಮೈಯ ಉಷ್ಣತೆಯೊಡನೆ ತಾಳೆ ನೋಡಿ, ಇಂತಿಂಥ ದಿವಸ ಇಂತಿಂಥ ಪ್ರದೇಶದಲ್ಲಿದ್ದಿರಬೇಕೆಂದು ತರ್ಕಿಸಬೇಕಾಗುತ್ತದೆ. ಇಷ್ಟು ದುರ್ಬಲವಾದ ಸಾಕ್ಷ್ಯಗಳಿಂದ ಸಾಗರವನ್ನೇ ದಾಟಿದ ಪಯಣವೊಂದನ್ನು ಕಟ್ಟಿ ತೋರಿಸಿದ ಬುದ್ಧಿಸಾಮರ್ಥ್ಯ, ನನ್ನ ಮಟ್ಟಿಗೆ, ಶಾರ್ಕಿನ ಹಲ್ಲುಗಳಿಗಿಂತ ಹೆಚ್ಚು ವಿಸ್ಮಯದ ಸಂಗತಿ.

ಆ ಪಯಣದ ಕಥೆ ದಕ್ಷಿಣ ಆಫ್ರಿಕದ್ದು. ಕೇಪ್‌ಟೌನಿನಿಂದ ಆಗ್ನೇಯಕ್ಕೆ ಗಾನ್ಸ್‌ಬಾಯಿ ಎಂಬ ಮೀನುಗಾರರ ಊರಿದೆ; ಅದರೆದುರಿನ ಡೈಯರ್ ದ್ವೀಪದ ಪಕ್ಕದ ಬಂಡೆಗಳ ಮೇಲೆ ಸಾವಿರಾರು ಸೀಲುಗಳು ನೆಲಸಿರುವುದರಿಂದ, ಅವುಗಳನ್ನು ಬೇಟೆಯಾಡಲು ಶ್ವೇತ ಶಾರ್ಕುಗಳು ಅಲ್ಲಿಗೆ ಬಂದು ಸೇರುತ್ತಿದ್ದವು. ಈ ಜಾತಿಗೆ ಕಾನೂನಿನ ರಕ್ಷಣೆಯನ್ನು ಜಗತ್ತಿನಲ್ಲಿ ಮೊದಲು ಕೊಟ್ಟ ದೇಶವೂ ದಕ್ಷಿಣ ಆಫ್ರಿಕವೇ, 1991ರಲ್ಲಿ. ಗಾನ್ಸ್‌ಬಾಯಿಯ ಅಂದಿನ ವಾಡಿಕೆಯ ಕ್ರಮವೇನೆಂದರೆ, ದೋಣಿಯನ್ನು ಲಂಗರು ಹಾಕಿ ನಿಲ್ಲಿಸಿ, ಮೀನಿನೆಣ್ಣೆಯನ್ನೂ ಅರೆದ ಮೀನನ್ನೂ ನೀರಿಗೆ ಸುರಿಯುತ್ತ ವಾಸನೆಯ ದಾರಿಯೊಂದನ್ನು ಹಾಸುವುದು. ಅದನ್ನನುಸರಿಸಿ ಬಂದ ಶಾರ್ಕಿಗೆ ಹಗ್ಗಕ್ಕೆ ಕಟ್ಟಿದ ಆಮಿಷವನ್ನು ತೋರಿಸಿ ದೋಣಿಯ ಮಗ್ಗುಲಿಗೆ ಕರೆತರುವುದು. ಬೆನ್ನು ಮೇಲೆ ಬಂದ ಕ್ಷಣದಲ್ಲಿ ಉದ್ದನೆಯ ಕೋಲಿನ ತುದಿಯ ಬಾಣವನ್ನು ಈಜುರೆಕ್ಕೆಯ ಬುಡದ ಸ್ನಾಯುವಿಗೆ ಒಮ್ಮೆಗೇ ಒತ್ತಿಬಿಡುವುದು. ಶಾರ್ಕನ್ನು ಹಿಡಿಯಬೇಕಾಗಿಲ್ಲ, ಕಟ್ಟಬೇಕಾಗಿಲ್ಲ. ಅದು ಮೈ ಕೊಡವಿ ಆಳಕ್ಕಿಳಿಯುತ್ತದೆ. ಎಷ್ಟೋ ಸಲ ಅದೇ ಆಮಿಷಕ್ಕೆ ಮರಳಿ ಬರುತ್ತದೆ.

2003ನೆಯ ನವೆಂಬರ್ 7ರಂದು ಹೀಗೆ ಟ್ಯಾಗು ತೊಟ್ಟದ್ದು 3.8 ಮೀಟರ್ ಉದ್ದದ ಹೆಣ್ಣು ಶಾರ್ಕು. ರಾಮೋನ್ ಬಾನ್‌ಫಿಲ್ ಎಂಬ ಮೆಕ್ಸಿಕೋದ ವಿಜ್ಞಾನಿಯೂ ದಕ್ಷಿಣ ಆಫ್ರಿಕದ ಅವನ ಸಹಯೋಗಿಗಳೂ ಕಡತದಲ್ಲಿ ಅದಕ್ಕೆ ಅಂಕೆಯೊಂದನ್ನು ಕೊಟ್ಟಿದ್ದರು. ತರುವಾಯ ಅದು ಸಾಧಿಸಿದುದನ್ನು ಕಂಡು, ಆಸ್ಟ್ರೇಲಿಯದ ನಟಿ ನಿಕೋಲ್ ಕಿಡ್‌ಮನ್ನಳ ಹೆಸರಿನಿಂದ ನಿಕೋಲ್ ಎಂದು ಕರೆದರು. ವಿಜ್ಞಾನದ ಪ್ರಾಣಿಗೆ ಚಿತ್ರತಾರೆಯ ಹೆಸರು ತಕ್ಕದ್ದೇ ಎಂದು ಮೂಗು ಮುರಿಯುವವರಿರಬಹುದು. ಅಂಕೆಯೊಂದೇ ಇದ್ದಿದ್ದರೆ ಆ ಶಾರ್ಕಿನ ಸುದ್ದಿ ಪ್ರಯೋಗಶಾಲೆಯ ಹೊಸ್ತಿಲು ದಾಟುತ್ತಿತ್ತೆಂದು ನನಗೆ ತೋರುವುದಿಲ್ಲ. 2004ರ ಫೆಬ್ರುವರಿ 28ರಂದು ಟ್ಯಾಗು ಕಳಚಿಕೊಂಡು ಮೇಲೆ ಬಂದು ಸಂಕೇತವನ್ನು ಕಳುಹಿಸಿದಾಗ, ಅದು ಇದ್ದ ಸ್ಥಳ ಪಶ್ಚಿಮ ಆಸ್ಟ್ರೇಲಿಯದ ಎಕ್ಸ್‌ಮೌತ್ ಕೊಲ್ಲಿಯ ದಕ್ಷಿಣಕ್ಕೆ, ದಡದ ಹತ್ತಿರ. ಹಿಂದೂ ಮಹಾಸಾಗರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 11,100 ಕಿಲೋಮೀಟರುಗಳನ್ನು ಈ ಶಾರ್ಕು 99 ದಿವಸಗಳಲ್ಲಿ, ಅತ್ತಿತ್ತ ಅಲೆಯದೆ, ಗುರಿ ಗೊತ್ತಿರುವ ಪಯಣಿಗನಂತೆ ಕ್ರಮಿಸಿತ್ತು. ಕರಾವಳಿಯ ಪ್ರಾಣಿಯೆಂದು ಪುಸ್ತಕಗಳು ವರ್ಣಿಸಿದ್ದ ಈ ಮೀನು ನಡುಗಡಲಿನಲ್ಲಿ ಹೆಚ್ಚು ಹೊತ್ತು ಮೇಲ್ಮೈಗೆ ತಾಗಿಕೊಂಡೇ ಈಜುತ್ತ, ನಡುನಡುವೆ 980 ಮೀಟರುಗಳವರೆಗೆ, ನೀರಿನ ಉಷ್ಣತೆ 3.4 ಡಿಗ್ರಿಗಿಳಿಯುವಷ್ಟು ಆಳಕ್ಕೆ, ಧುಮುಕಿ ಬಂದಿತ್ತು. ಮೇಲ್ಮೈಯನ್ನು ಬಿಡದೆ ಸಾಗಿದ್ದಕ್ಕೆ ಆಕಾಶದ ಜ್ಯೋತಿಗಳೇ ದಾರಿ ತೋರಿಸಿದ್ದಿರಬಹುದೆ ಎಂಬ ಊಹೆಯನ್ನು ಬಾನ್‌ಫಿಲ್ ಮತ್ತು ಸಂಗಡಿಗರು ಮುಂದಿಟ್ಟರು, ಊಹೆಯೆಂದೇ ಇಟ್ಟರು.

ಯಂತ್ರದ ಕೆಲಸ ಅಲ್ಲಿಗೆ ಮುಗಿದಿತ್ತು. ಮುಂದಿನದನ್ನು ಹೇಳಿದ್ದು ಛಾಯಾಚಿತ್ರ. ಶ್ವೇತ ಶಾರ್ಕಿನ ಬೆನ್ನಿನ ಈಜುರೆಕ್ಕೆಯ ಹಿಂಬದಿಯ ಅಂಚಿನಲ್ಲಿ ಕಚ್ಚುಗಳೂ ಸೀಳುಗಳೂ ಇದ್ದು, ಅವುಗಳ ವಿನ್ಯಾಸ ಒಂದರಂತೆ ಇನ್ನೊಂದರಲ್ಲಿರುವುದಿಲ್ಲ. ಗಾನ್ಸ್‌ಬಾಯಿಯಲ್ಲಿ ಮೈಕೆಲ್ ಶಾಲ್ ಎಂಬಾತನು ಇಂಥ ಚಿತ್ರಗಳ ದೊಡ್ಡ ಭಂಡಾರವನ್ನೇ ಕೂಡಿಸಿದ್ದನು. 2004ರ ಆಗಸ್ಟ್ 20ರಂದು ಅಲ್ಲಿಯೇ ತೆಗೆದ ಚಿತ್ರವೊಂದರ ರೆಕ್ಕೆ ನಿಕೋಲಳ ರೆಕ್ಕೆಗೆ ಗೆರೆಗೆರೆಯಾಗಿ ಹೊಂದಿತು. ಸುಮಾರು ಒಂಬತ್ತು ತಿಂಗಳಲ್ಲಿ ಹೋಗಿ ಬಂದ ದಾರಿ ಇಪ್ಪತ್ತು ಸಾವಿರ ಕಿಲೋಮೀಟರಿಗೂ ಮಿಗಿಲು.

ಇದರ ಮಹತ್ತ್ವ ಕೇವಲ ದೂರದಲ್ಲಿಲ್ಲ. ಅದಕ್ಕೂ ಮೂರು ವರ್ಷಗಳ ಹಿಂದೆ, 2001ರಲ್ಲಿ, ದಕ್ಷಿಣ ಆಫ್ರಿಕ ಮತ್ತು ಆಸ್ಟ್ರೇಲಿಯ ಪ್ರಾಂತಗಳ ಶ್ವೇತ ಶಾರ್ಕುಗಳ ಆನುವಂಶಿಕ ದ್ರವ್ಯವನ್ನು ಹೋಲಿಸಿ ನೋಡಿದವರಿಗೆ ವಿಚಿತ್ರವೊಂದು ಕಂಡಿತ್ತು. ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿದುಬರುವ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಎರಡು ಗುಂಪುಗಳು ಸ್ಪಷ್ಟವಾಗಿ ಬೇರೆಬೇರೆ; ತಂದೆತಾಯಿಗಳಿಬ್ಬರಿಂದಲೂ ಬರುವ ಡಿಎನ್‌ಎಯಲ್ಲಿ ಅಂಥ ಭೇದವಿಲ್ಲ. ಗಂಡುಗಳು ಸಾಗರಗಳನ್ನು ದಾಟಿ ಅಲೆಯುತ್ತವೆ, ಹೆಣ್ಣುಗಳು ಹುಟ್ಟಿದೆಡೆಯಲ್ಲಿಯೇ ಉಳಿಯುತ್ತವೆ ಎಂಬುದು ಅದರಿಂದ ಹೊರಟ ಸಹಜವಾದ ಅರ್ಥ. ನಿಕೋಲ್ ಹೆಣ್ಣು, ಆದರೂ ಸಾಗರ ದಾಟಿತು. ಹಾಗಾದರೆ ಹಿಂದಿನ ಪರಿಶೋಧನೆ ತಪ್ಪೆ? ತಪ್ಪಲ್ಲ. ಹೆಣ್ಣು ಎಷ್ಟು ದೂರ ಹೋದರೂ ಹೆರಲು ತನ್ನ ನೀರಿಗೇ ಮರಳುವುದಾದರೆ, ತಾಯಿಯ ಕಡೆಯ ಡಿಎನ್‌ಎ ಬೇರೆಯಾಗಿಯೇ ಉಳಿದು, ಪರಸ್ಥಳದಲ್ಲಿ ಕೂಡಿದ ಗಂಡಿನ ಕಡೆಯದು ಬೆರೆತುಹೋಗುತ್ತದೆ. ಅಲೆದದ್ದು ಯಾರು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಮರಳಿದ್ದು ಯಾರು ಎಂದು ಕೇಳುವಂತೆ ಒಂದೇ ಒಂದು ಟ್ಯಾಗು ಮಾಡಿತು.

ಇಷ್ಟೆಲ್ಲ ಗುಣಗಳಿದ್ದರೂ ಈ ಟ್ಯಾಗಿಗೆ ಆಯುಸ್ಸು ಕಡಿಮೆ, ತಿಂಗಳುಗಳ ಲೆಕ್ಕದ್ದು. ಶಾರ್ಕಿನ ಬಾಳಿನ ಲೆಕ್ಕವಾದರೋ ಬೇರೆ. ಅಣುಬಾಂಬುಗಳ ಪರೀಕ್ಷೆಯಿಂದ 1950, 60ರ ದಶಕಗಳಲ್ಲಿ ಕಡಲಿಗೆ ಸೇರಿದ ವಿಕಿರಣಶೀಲ ಇಂಗಾಲದ ಗುರುತನ್ನು ಬೆನ್ನೆಲುಬಿನ ಪದರಗಳಲ್ಲಿ ಹುಡುಕಿ, ಗಂಡೊಂದಕ್ಕೆ 73 ವರ್ಷಗಳಷ್ಟು ವಯಸ್ಸಾಗಿತ್ತೆಂದು 2014ರಲ್ಲಿ ಪ್ರಕಟಿಸಿದರು. ಇಂಥ ದೀರ್ಘಾಯುಷಿಯ ಜೀವನಕ್ರಮವನ್ನು ಅರಿಯಲು ವರ್ಷಗಟ್ಟಲೆ ಮಾತನಾಡುವ ಯಂತ್ರ ಬೇಕು. ಅದಕ್ಕಾಗಿ ಬಂದುದು ಬೆನ್ನಿನ ಈಜುರೆಕ್ಕೆಗೇ ಬೋಲ್ಟುಗಳಿಂದ ಬಿಗಿಯುವ ಪ್ರೇಷಕ. ರೆಕ್ಕೆ ನೀರಿನಿಂದ ಹೊರಬಂದೊಡನೆ, ಉಪ್ಪುನೀರು ತಾಕುತ್ತಿಲ್ಲವೆಂಬುದನ್ನು ಅರಿತ ಯಂತ್ರವು ಉಪಗ್ರಹಕ್ಕೆ ಸಂಕೇತ ಕಳುಹಿಸುತ್ತದೆ. ಧಾವಿಸುತ್ತಿರುವ ಉಪಗ್ರಹಕ್ಕೆ ಆ ಸಂಕೇತದ ಕಂಪನಾಂಕವು ಏರಿಳಿದು ಕೇಳುವುದರಿಂದ, ಆ ಏರಿಳಿತದ ಪ್ರಮಾಣದಿಂದ ಸ್ಥಳವು ನಿರ್ಣಯವಾಗುತ್ತದೆ. ಉದಯಾಸ್ತಗಳ ಹಂಗಿಲ್ಲ, ವಿಷುವದ ಕಾಟವಿಲ್ಲ. ಆದರೆ ರೆಕ್ಕೆಗೆ ರಂಧ್ರ ಕೊರೆಯಬೇಕು. ಕೊರೆಯಲು ಶಾರ್ಕು ಅಲುಗದಿರಬೇಕು. ಎಂದರೆ ಅದನ್ನು ಹಿಡಿಯಲೇಬೇಕು.

ಒಂದು ಟನ್ನು ತೂಗುವ ಜೀವವನ್ನು ಕೊಲ್ಲದೆ ಹಿಡಿಯುವ ಕಾರ್ಯಕ್ರಮವನ್ನು ಅಮೆರಿಕದ ಕ್ರಿಸ್ ಫಿಷರನ ಓಸರ್ಚ್ ಸಂಸ್ಥೆ ತನ್ನದೇ ರೀತಿಯಲ್ಲಿ ರೂಢಿಸಿತು. ಬೇರಿಂಗ್ ಸಮುದ್ರದಲ್ಲಿ ಏಡಿ ಹಿಡಿಯುತ್ತಿದ್ದ ಹಳೆಯ ಹಡಗು ಅದರದು. ಪಕ್ಕದಲ್ಲಿ ನೀರಿನೊಳಕ್ಕೆ ಇಳಿಸಿ ಎತ್ತಬಲ್ಲ ಭಾರಿ ವೇದಿಕೆ. ಮುಳ್ಳಿಲ್ಲದ, ವೃತ್ತಾಕಾರವಾಗಿ ಬಾಗಿದ ಕೊಕ್ಕೆಗೆ ಆಮಿಷ ಸಿಕ್ಕಿಸುತ್ತಾರೆ. ಬಾಗಿರುವ ಕಾರಣ ಅದು ಗಂಟಲಿಗಿಳಿಯದೆ ದವಡೆಯ ಮೂಲೆಯಲ್ಲಿ ನಾಟಬೇಕೆಂಬುದು ಉದ್ದೇಶ. ತೇಲುಬುರುಡೆಗಳನ್ನು ಎಳೆದು ದಣಿದ ಶಾರ್ಕನ್ನು ಸಣ್ಣ ದೋಣಿಯಿಂದ ಮುನ್ನಡೆಸಿ ವೇದಿಕೆಯ ಮೇಲಕ್ಕೆ ತಂದು, ವೇದಿಕೆಯನ್ನೆತ್ತಿ ನೀರನ್ನು ಬಸಿಯುತ್ತಾರೆ. ಅಲ್ಲಿಂದ ಗಡಿಯಾರ ಓಡತೊಡಗುತ್ತದೆ. ಹದಿನೈದು ನಿಮಿಷ ಎಂಬುದು ಅವರು ತಮಗೆ ಹಾಕಿಕೊಂಡ ಎಲ್ಲೆ. ಒಬ್ಬನು ದವಡೆಯೊಳಕ್ಕೆ ಕೊಳವೆಯಿಟ್ಟು ಕಿವಿರುಗಳ ಮೇಲೆ ಕಡಲನೀರು ಹರಿಸುತ್ತಿರುವಾಗ, ಇನ್ನೊಬ್ಬನು ಕಣ್ಣಿನ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಾನೆ. ಉಳಿದವರು ಉದ್ದಗಲಗಳನ್ನು ಅಳೆದು, ರಕ್ತ ತೆಗೆದು, ರೆಕ್ಕೆಗೆ ರಂಧ್ರ ಕೊರೆದು ಪ್ರೇಷಕವನ್ನು ಬಿಗಿಯುತ್ತಾರೆ. 2012ರ ಸೆಪ್ಟೆಂಬರಿನಲ್ಲಿ ಕೇಪ್ ಕಾಡ್ ಬಳಿ ಹೀಗೆ ಹಿಡಿದು ಬಿಟ್ಟ, ಹದಿನಾರು ಅಡಿಯ ಮೇರಿ ಲೀ ಎಂಬ ಹೆಣ್ಣು, 2017ರ ಜೂನಿನವರೆಗೂ ಅಟ್ಲಾಂಟಿಕ್ಕಿನಿಂದ ಸಂಕೇತಗಳನ್ನು ಕಳುಹಿಸುತ್ತಿದ್ದಿತು. ತಂತಮ್ಮ ಮನೆಗಳಲ್ಲಿ ಕುಳಿತ ಸಹಸ್ರಾರು ಜನ ಅದರ ಜಾಡನ್ನು ಭೂಪಟದ ಮೇಲೆ ನೋಡುತ್ತಿದ್ದರು.

ಹಿಡಿದೆತ್ತುವ ಈ ಕ್ರಮಕ್ಕೆ ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿದೆ. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದು. ಉದರವನ್ನು ಕಾಯುವ ಪಕ್ಕೆಲುಬಿನ ಗೂಡು ಅದಕ್ಕಿಲ್ಲ. ನೀರು ಎಲ್ಲ ಕಡೆಯಿಂದಲೂ ಆತುಕೊಂಡಿದ್ದಾಗ ಇದೊಂದು ಕೊರತೆಯಲ್ಲ. ಬಯಲಿಗೆ ಎತ್ತಿದಾಗ ಮಾತ್ರ, ಆ ದೇಹದ ಭಾರವೇ ಅದರ ಅಗಾಧವಾದ ಯಕೃತ್ತಿನ ಮೇಲೂ ಇತರ ಅಂಗಗಳ ಮೇಲೂ ಕುಳಿತುಬಿಡುತ್ತದೆ. ಗಾಳದೊಡನೆ ಸೆಣಸಿದ ಸ್ನಾಯುಗಳಿಂದ ರಕ್ತಕ್ಕೆ ಸೇರಿದ ಆಮ್ಲವು ಬಿಟ್ಟ ಮೇಲೂ ಬಾಧಿಸಬಹುದು. ಕೊಕ್ಕೆ ಯಾವಾಗಲೂ ದವಡೆಯ ಮೂಲೆಯನ್ನೇ ಆರಿಸಿಕೊಳ್ಳುವುದೆಂದೂ ಇಲ್ಲ. 2009ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋಗೆ ಎದುರಾದ ಫ್ಯಾರಲೋನ್ ದ್ವೀಪಗಳಲ್ಲಿ, ಶಾರ್ಕೊಂದರ ಗಂಟಲಿನಲ್ಲಿ ಕೊಕ್ಕೆ ನಾಟಿ, ಅದರ ಒಂದು ತುಂಡನ್ನು ಒಳಗೇ ಬಿಟ್ಟು ಬಿಡುಗಡೆ ಮಾಡಬೇಕಾಗಿ ಬಂದು, ಸಂಶೋಧಕರೊಳಗೇ ದೊಡ್ಡ ವಾಗ್ವಾದವಾಯಿತು. ದಕ್ಷಿಣ ಆಫ್ರಿಕದಲ್ಲಿ ಬೋಲ್ಟು ಹಾಕಿಸಿಕೊಂಡ ಶಾರ್ಕುಗಳನ್ನು ತರುವಾಯ ಚಿತ್ರಿಸಿ ನೋಡಿದಾಗ, ಕೆಲವುಗಳ ರೆಕ್ಕೆ ಮಾಯ್ದಿದ್ದರೆ ಇನ್ನು ಕೆಲವುಗಳದು ಶಾಶ್ವತವಾಗಿ ವಿಕಾರಗೊಂಡಿತ್ತು. ರೆಕ್ಕೆಯ ಅಂಚನ್ನೇ ಗುರುತಾಗಿ ನಂಬಿದ ಶಾಸ್ತ್ರಕ್ಕೆ ಇದು ವಿಪರ್ಯಾಸ.

ಹಾಗೆಂದು ಬೋಲ್ಟನ್ನು ನಿಷೇಧಿಸಿಬಿಡಬೇಕೆಂಬ ವಾದಕ್ಕೆ ನಾನು ಒಪ್ಪಲಾರೆ. ಕೋಲಿನ ಟ್ಯಾಗು ಹೇಳಲಾಗದುದನ್ನು ಅದು ಹೇಳಿದ ಸಂದರ್ಭವೊಂದಿದೆ. ಮೆಕ್ಸಿಕೋದ ಗ್ವಾಡಲೂಪೆ ದ್ವೀಪದ ಸುತ್ತ ಶ್ವೇತ ಶಾರ್ಕುಗಳು ಪ್ರತಿವರ್ಷವೂ ಕೂಡುತ್ತವೆ. ಅಲ್ಲಿ ಬೋಲ್ಟು ತೊಟ್ಟ ನಾಲ್ಕು ಪ್ರೌಢ ಹೆಣ್ಣುಗಳ ಹಲವು ವರ್ಷಗಳ ಜಾಡನ್ನು ಮೈಕೆಲ್ ಡೊಮೈಯರ್ ಮತ್ತು ನಿಕೋಲ್ ನಾಸ್ಬಿ-ಲ್ಯೂಕಸ್ 2013ರಲ್ಲಿ ಪ್ರಕಟಿಸಿದರು. ಗಂಡುಗಳು ಪ್ರತಿವರ್ಷ ದ್ವೀಪಕ್ಕೆ ಬರುತ್ತಿದ್ದರೆ, ಈ ಹೆಣ್ಣುಗಳ ಸುತ್ತು ಎರಡು ವರ್ಷಗಳದ್ದು: ದ್ವೀಪವನ್ನು ಬಿಟ್ಟು ವರ್ಷಕ್ಕೂ ಮಿಗಿಲಾಗಿ ನಡುಗಡಲಿನಲ್ಲಿ, ಬಹುಶಃ ಗರ್ಭವತಿಯರಾಗಿ, ತಿರುಗಾಡಿ, ಹೆರುವ ಕಾಲಕ್ಕೆ ಬಾಹಾ ಕ್ಯಾಲಿಫೋರ್ನಿಯದ ಕರಾವಳಿಗೂ ಕಾರ್ಟೆಸ್ ಸಮುದ್ರಕ್ಕೂ ಬಂದು, ಬಳಿಕವೇ ದ್ವೀಪಕ್ಕೆ ಮರಳುತ್ತವೆ. ಮರಿಗಳು ಹುಟ್ಟುವ ಆ ಕರಾವಳಿಯ ನೀರಿನಲ್ಲಿಯೇ ಮೀನುಗಾರರ ಬಲೆಗಳೂ ಹರಡಿರುತ್ತವೆ. ಕೆಲವೇ ತಿಂಗಳ ಆಯುಸ್ಸಿನ ಯಂತ್ರಕ್ಕೆ ಎರಡು ವರ್ಷದ ಈ ವೃತ್ತ ಎಂದಿಗೂ ಪೂರ್ಣವಾಗಿ ಕಾಣಿಸುತ್ತಿರಲಿಲ್ಲ.

ಈ ಎರಡು ವರ್ಷಗಳ ಸುತ್ತಿನಿಂದ ಶಾರ್ಕುಗಳ ಗಣತಿಯೇ ತೊಡಕಿಗೆ ಸಿಕ್ಕಿತು. 2011ರಲ್ಲಿ, ಮಧ್ಯ ಕ್ಯಾಲಿಫೋರ್ನಿಯದ ತೀರದಲ್ಲಿ ತೆಗೆದ ರೆಕ್ಕೆಯ ಚಿತ್ರಗಳನ್ನು ಲೆಕ್ಕಹಾಕಿ, ಅಲ್ಲಿಯ ಪ್ರೌಢ ಮತ್ತು ಹರೆಯದ ಶಾರ್ಕುಗಳು ಒಟ್ಟು 219 ಎಂದು ಒಂದು ತಂಡ ಅಂದಾಜು ಮಾಡಿತು. ಅಂಕಿ ಅಲ್ಪವಾದುದರಿಂದ, ಈಶಾನ್ಯ ಪೆಸಿಫಿಕ್ಕಿನ ಶ್ವೇತ ಶಾರ್ಕನ್ನು ವಿನಾಶದಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕೆಂದು ಅಮೆರಿಕದ ಸರ್ಕಾರಕ್ಕೆ ಅರ್ಜಿಗಳು ಹೋದವು. ಆದರೆ ಎಲ್ಲ ಪ್ರಾಣಿಗಳೂ ಕೂಡುವ ಠಾವಿಗೆ ಪ್ರತಿವರ್ಷ ಒಂದೇ ರೀತಿಯಲ್ಲಿ ಬಂದು ಚಿತ್ರಕ್ಕೆ ಸಿಕ್ಕಿದರೆ ಮಾತ್ರ ಅಂಥ ಲೆಕ್ಕ ನಿಲ್ಲುತ್ತದೆ. ಹೆಣ್ಣುಗಳು ವರ್ಷ ಬಿಟ್ಟು ವರ್ಷ ಗೈರುಹಾಜರಾಗುವುದಾದರೆ, ಮರಿಗಳು ಅತ್ತ ಸುಳಿಯುವುದೇ ಇಲ್ಲವಾದರೆ, ಚಿತ್ರ ತೆಗೆಯುವವನ ಎದುರಿಗೆ ಬರುವುದು ಒಂದು ಪಾಲು ಮಾತ್ರ. 2013ರ ಜೂನಿನಲ್ಲಿ ಸರ್ಕಾರದ ಮತ್ಸ್ಯಇಲಾಖೆ ಪಟ್ಟಿಗೆ ಸೇರಿಸುವ ಅಗತ್ಯವಿಲ್ಲವೆಂದು ತೀರ್ಮಾನಿಸಿತು. ಮರುವರ್ಷ ಮತ್ತೊಂದು ತಂಡವು ಅದೇ ಸಾಮಗ್ರಿಯನ್ನು ಮರುಪರಿಶೀಲಿಸಿ, ಎಲ್ಲ ವಯಸ್ಸಿನವನ್ನೂ ಸೇರಿಸಿದರೆ ಸಂಖ್ಯೆ ಎರಡು ಸಾವಿರವನ್ನು ಮೀರುವುದೆಂದು ಬರೆಯಿತು. ಈ ಎರಡು ಅಂಕಿಗಳೂ ಒಂದೇ ವಯೋವರ್ಗವನ್ನು ಎಣಿಸಿದವಲ್ಲವೆಂಬುದನ್ನು ಮರೆತು ಒಂದನ್ನಿನ್ನೊಂದರ ಮುಂದೆ ಒಡ್ಡುವವರು ಇಂದಿಗೂ ಇದ್ದಾರೆ.